ನೀರೊಳಗೇ ಸುಟ್ಟುಹೋದ ತಂತಿ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)

ಇವತ್ತಿನ ಕಥೆ ಶುರುವಾಗೋದು ಒಂದು ಪ್ಲಾಸ್ಟಿಕ್ ಬಕೆಟ್‌ನಿಂದ.

ಡಿಗ್ರಿ ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ನಾನು ಒಂದು ಪಿಜಿಯಲ್ಲಿದ್ದೆ. ಅಲ್ಲಿ ಗೀಸರ್ ಇತ್ತು, ಬಿಸಿನೀರು ಮಾತ್ರ ಬರ್ತಿರಲಿಲ್ಲ. ಹಾಗಾಗಿ ರೂಮಿನಲ್ಲಿದ್ದ ಮೂವರೂ ಸೇರಿ ಒಂದು ಇಮ್ಮರ್ಶನ್ ರಾಡ್ ತಂದ್ವಿ. ಅದೇ, ಬಕೆಟ್ ಅಂಚಿಗೆ ನೇತುಹಾಕಿ ಸ್ವಿಚ್ ಹಾಕೋ ರಾಡ್. ಒಂದು ಡಿಸೆಂಬರ್ ಬೆಳಿಗ್ಗೆ, ನಿದ್ದೆಗಣ್ಣಲ್ಲಿ, ಬಕೆಟ್‌ನಲ್ಲಿ ಎಷ್ಟು ನೀರಿದೆ ಅಂತ ನೋಡದೆ ನಾನು ಸ್ವಿಚ್ ಹಾಕಿದೆ. ನೀರು ಕಾಲು ಬಕೆಟ್ ಕೂಡ ಇರಲಿಲ್ಲ. ಹತ್ತು ನಿಮಿಷದಲ್ಲಿ ಸುಟ್ಟ ವಾಸನೆ. ರಾಡ್ ಹೋಯ್ತು, ಬಕೆಟ್ ಒಂದು ಕಡೆ ಕರಗಿತ್ತು, ರೂಮ್‌ಮೇಟ್‌ಗಳ ಬೈಗುಳ ಬೇರೆ.

ಅವತ್ತು ನಾನು ಕಲಿತ ಪಾಠ ಇಷ್ಟು: ರಾಡ್ ನೀರಿನ ಹೊರಗಿದ್ದರೆ ಸುಡುತ್ತೆ, ನೀರಿನೊಳಗಿದ್ದರೆ ಸುರಕ್ಷಿತ. ನಿಮಗೂ ಹಾಗೇ ಅನ್ಸುತ್ತೆ ಅಲ್ವಾ? ನೀರಿನಲ್ಲಿ ಮುಳುಗಿರೋ ವಸ್ತು ಸುಡೋದಾದರೂ ಹೇಗೆ? ಸುತ್ತ ನೀರಿದೆ, ನೀರು 100 ಡಿಗ್ರಿಯಲ್ಲಿ ಕುದಿಯುತ್ತೆ, ಅಂದಮೇಲೆ ಒಳಗಿರೋದು ನೂರರ ಆಸುಪಾಸಿನಲ್ಲೇ ಇರಬೇಕು.

1934ರಲ್ಲಿ ಜಪಾನಿನ ಒಬ್ಬ ಎಂಜಿನಿಯರ್ ಈ ನಂಬಿಕೆಯನ್ನೇ ಪರೀಕ್ಷೆಗೆ ಹಚ್ಚಿದರು. ಅವರ ತಂತಿ ಪೂರ್ತಿ ನೀರಿನಲ್ಲಿ ಮುಳುಗಿತ್ತು, ಸುತ್ತಲೂ ನೀರು ಕುದೀತಾ ಇತ್ತು. ಆದರೂ ತಂತಿ ಸುಟ್ಟುಹೋಯ್ತು.

ಹೇಗೆ ಅನ್ನೋದೇ ಇವತ್ತಿನ ಸಂಚಿಕೆ. ನಾನು ಬಿಕಾಂ ಓದಿದವನು, ಫಿಸಿಕ್ಸ್ ಬಿಟ್ಟಿದ್ದು ಎಸ್‌ಎಸ್‌ಎಲ್‌ಸಿಯಲ್ಲಿ. ಆದ್ದರಿಂದ ಸೂತ್ರಗಳಿಗೆ ಹೆದರಬೇಡಿ, ನನಗೆ ಅರ್ಥವಾದ ಹಾಗೆ ಹೇಳ್ತೀನಿ.

ಮೊದಲ ಭಾಗ: ಕಾದ ಚಮಚ, ಒಂದು ಹನಿ

ಸೆಂಡೈಗೆ ಹೋಗೋ ಮುಂಚೆ ನಮ್ಮ ಅಡುಗೆಮನೆಗೆ ಹೋಗೋಣ. ದೋಸೆ ಹುಯ್ಯೋ ಮೊದಲು ಅಮ್ಮ ಕಾವಲಿ ಮೇಲೆ ನೀರು ಚಿಮುಕಿಸ್ತಾರೆ. ಕಾವಲಿ ಸುಮಾರಾಗಿ ಬಿಸಿ ಇದ್ದರೆ ಹನಿ 'ಚುಯ್' ಅಂದು ತಕ್ಷಣ ಆರಿಹೋಗುತ್ತೆ. ವಿಪರೀತ ಕಾದಿದ್ದರೆ? ಹನಿ ಆರಲ್ಲ. ಮುತ್ತಿನ ಹಾಗೆ ಗುಂಡಗಾಗಿ ಕಾವಲಿ ತುಂಬಾ ಓಡಾಡುತ್ತೆ. ಆಗ ಅಮ್ಮ ಉರಿ ಸಣ್ಣ ಮಾಡ್ತಾರೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಕಾವಲಿ ಹೆಚ್ಚು ಬಿಸಿ ಇದ್ದಷ್ಟೂ ಹನಿ ಬೇಗ ಆರಬೇಕು ತಾನೆ? ಆಗ್ತಿರೋದು ಉಲ್ಟಾ.

ಈ ಉಲ್ಟಾ ಲೆಕ್ಕವನ್ನ ಕೂತು ಅಳೆದವರು ಜರ್ಮನಿಯ ಯೋಹಾನ್ ಗಾಟ್ಲಾಬ್ ಲೈಡೆನ್‌ಫ್ರಾಸ್ಟ್. ಹುಟ್ಟಿದ್ದು 1715ರಲ್ಲಿ. ವೃತ್ತಿಯಿಂದ ವೈದ್ಯರು, ಡ್ಯೂಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. 1756ರಲ್ಲಿ ಅವರು ನೀರಿನ ಗುಣಗಳ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಪುಸ್ತಕ ಬರೆದರು. ಅವರಿಗಿಂತ ಮುಂಚೆ, 1732ರಲ್ಲಿ, ಡಚ್ ವೈದ್ಯ ಹರ್ಮನ್ ಬೂರ್‌ಹಾವೆ ಕೂಡ ಇಂಥದ್ದನ್ನ ಗಮನಿಸಿದ್ದರು. ಆದರೆ ಹೆಸರು ನಿಂತಿದ್ದು ಲೈಡೆನ್‌ಫ್ರಾಸ್ಟ್ ಅವರದು, ಯಾಕಂದ್ರೆ ಅವರು ಪ್ರಯೋಗವನ್ನ ಬಿಡಿಸಿ ಬಿಡಿಸಿ ಮಾಡಿದರು.

ಅವರ ಲ್ಯಾಬ್ ಅಂದ್ರೆ ಏನು ಗೊತ್ತಾ? ಉಜ್ಜಿ ಹೊಳಪು ಮಾಡಿದ ಒಂದು ಕಬ್ಬಿಣದ ಚಮಚ, ಕೆಂಡ, ಹೊತ್ತು ಎಣಿಸೋಕೆ ಒಂದು ಲೋಲಕ. ಚಮಚವನ್ನ ಕೆಂಪಗೆ ಕಾಯಿಸಿ ಒಂದು ಹನಿ ನೀರು ಬಿಟ್ಟರು. ಅದು ಆರೋಕೆ ಸುಮಾರು 30 ಸೆಕೆಂಡ್ ಹಿಡೀತು. ಅಷ್ಟರಲ್ಲಿ ಚಮಚ ಸ್ವಲ್ಪ ತಣಿದಿತ್ತು, ಎರಡನೇ ಹನಿ ಬಿಟ್ಟರು. ಅದು ಸುಮಾರು 10 ಸೆಕೆಂಡಿಗೇ ಹೋಯ್ತು. ಮುಂದಿನವು ಇನ್ನೂ ಬೇಗ. ಚಮಚ ತಣ್ಣಗಾದಷ್ಟೂ ಹನಿ ಬೇಗ ಆರ್ತಾ ಇತ್ತು. ಹನಿಯ ಹಿಂದೆ ಮೇಣದಬತ್ತಿ ಹಿಡಿದು ನೋಡಿದಾಗ ಹನಿಗೂ ಚಮಚಕ್ಕೂ ನಡುವೆ ಬೆಳಕು ತೂರಿ ಬರ್ತಿತ್ತು. ಅಂದ್ರೆ ಹನಿ ಚಮಚವನ್ನ ಮುಟ್ಟೇ ಇರಲಿಲ್ಲ.

ಇವತ್ತು ನಮಗೆ ಕಾರಣ ಗೊತ್ತು. ಲೋಹ ವಿಪರೀತ ಕಾದಾಗ ಹನಿಯ ತಳ ಕ್ಷಣಾರ್ಧದಲ್ಲಿ ಹಬೆಯಾಗುತ್ತೆ. ಆ ಹಬೆಯೇ ಹಾಸಿಗೆಯಾಗಿ ಹನಿಯನ್ನ ಎತ್ತಿ ಹಿಡಿಯುತ್ತೆ. ಹಬೆ ಶಾಖವನ್ನ ದಾಟಿಸೋದರಲ್ಲಿ ತುಂಬಾ ಸೋಮಾರಿ, ನೀರಿಗೆ ಹೋಲಿಸಿದರೆ ಸುಮಾರು 25 ಪಟ್ಟು ಕಡಿಮೆ. ಹಾಗಾಗಿ ಕಾದ ಲೋಹಕ್ಕೂ ನೀರಿಗೂ ನಡುವೆ ಒಂದು ಕಂಬಳಿ ಹೊದಿಸಿದ ಹಾಗೆ ಆಗುತ್ತೆ. ಈ ಕಂಬಳಿಯನ್ನ ನೆನಪಿಟ್ಕೊಳ್ಳಿ, ಇಡೀ ಕಥೆ ಇದರ ಮೇಲೇ ನಿಂತಿದೆ.

ಎರಡನೇ ಭಾಗ: ಒಲೆಯೂ ಅದೇ, ಥರ್ಮಾಮೀಟರೂ ಅದೇ

ಈಗ 1930ರ ದಶಕದ ಜಪಾನ್. ಉತ್ತರದ ಸೆಂಡೈ ನಗರದ ತೊಹೊಕು ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಶಿರೋ ನುಕಿಯಾಮಾ ಅಂತ ಒಬ್ಬ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೊಫೆಸರ್. ಹುಟ್ಟಿದ್ದು 1896ರಲ್ಲಿ.

ಆಗ ಹಡಗು, ರೈಲು, ಕರೆಂಟು, ಹೀಗೆ ಎಷ್ಟೋ ಕಡೆ ಹಬೆ ಬೇಕಾಗ್ತಿತ್ತು. ಹಬೆ ಬರಬೇಕಾದರೆ ಬಾಯ್ಲರ್ ಬೇಕು. ಬಾಯ್ಲರ್ ಚಿಕ್ಕದಾಗಿರಬೇಕು, ಹಬೆ ಜಾಸ್ತಿ ಬರಬೇಕು. ಅಂದ್ರೆ ಒಂದು ಚದರ ಮೀಟರ್ ಲೋಹದಿಂದ ನೀರಿಗೆ ಎಷ್ಟು ಶಾಖ ತಳ್ಳಬಹುದು ಅನ್ನೋದು ನೇರ ದುಡ್ಡಿನ ಪ್ರಶ್ನೆ. ಲೋಹವನ್ನ ಹೆಚ್ಚು ಬಿಸಿ ಮಾಡಿದಷ್ಟೂ ಹೆಚ್ಚು ಹಬೆ ಬರುತ್ತಾ? ಬರ್ತಾನೇ ಇರುತ್ತಾ?

ನುಕಿಯಾಮಾ ತರ್ಕ ನನಗೆ ತುಂಬಾ ಇಷ್ಟ ಆಯ್ತು. ಅವರು ಹೀಗೆ ಯೋಚಿಸಿದರು. ಲೋಹ ನೀರಿಗಿಂತ ಸ್ವಲ್ಪ ಬಿಸಿ ಇದ್ದಾಗ, ಬಿಸಿ ಏರಿಸಿದಷ್ಟೂ ಶಾಖ ಹೆಚ್ಚು ದಾಟುತ್ತೆ. ಇದು ಎಲ್ಲರಿಗೂ ಗೊತ್ತು. ಲೋಹ ವಿಪರೀತ ಬಿಸಿಯಾದಾಗ ನೀರು ಗುಂಡಗಾಗಿ ತೇಲುತ್ತೆ, ಶಾಖ ದಾಟೋದೇ ಕಡಿಮೆ. ಇದು ಲೈಡೆನ್‌ಫ್ರಾಸ್ಟ್ ಕಾಲದಿಂದ ಗೊತ್ತು. ಹಾಗಿದ್ದಮೇಲೆ ಇವೆರಡರ ನಡುವೆ ಎಲ್ಲೋ ಒಂದು ಕಡೆ ಏರಿಕೆ ನಿಂತು ಇಳಿಕೆ ಶುರುವಾಗಲೇಬೇಕು. ಒಂದು ಶಿಖರ ಇರಲೇಬೇಕು. ಅದು ಎಲ್ಲಿದೆ?

ನಮ್ಮ ಇಕನಾಮಿಕ್ಸ್ ಕ್ಲಾಸಿನಲ್ಲಿ ಡಿಮಿನಿಷಿಂಗ್ ರಿಟರ್ನ್ಸ್ ಅಂತ ಹೇಳಿಕೊಡ್ತಿದ್ದರು. ಗೊಬ್ಬರ ಜಾಸ್ತಿ ಹಾಕಿದಷ್ಟೂ ಇಳುವರಿ ಏರೋ ವೇಗ ಕಡಿಮೆಯಾಗುತ್ತೆ ಅಂತ. ಆದರೆ ನುಕಿಯಾಮಾ ಹುಡುಕ್ತಿದ್ದದ್ದು ಆ ಥರ ನಿಧಾನವಾಗಿ ಚಪ್ಪಟೆಯಾಗೋ ಗೆರೆಯನ್ನಲ್ಲ, ಏರಿ ಕೆಳಗೆ ಬೀಳೋ ಗೆರೆಯನ್ನ.

ಪ್ರಯೋಗಕ್ಕೆ ಅವರು ತಗೊಂಡದ್ದು ಬಹಳ ತೆಳುವಾದ ಲೋಹದ ತಂತಿ. 100 ಡಿಗ್ರಿಯ ನೀರಿನಲ್ಲಿ ಅದನ್ನ ಮುಳುಗಿಸಿ ಕರೆಂಟ್ ಹರಿಸಿದರು. ತಂತಿಯೇ ಯಾಕೆ? ಯಾಕಂದ್ರೆ ಒಂದೇ ತಂತಿ ಎರಡು ಕೆಲಸ ಮಾಡುತ್ತೆ. ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ನೋಡಿ ಗುಣಿಸಿದರೆ ತಂತಿಯಿಂದ ನೀರಿಗೆ ಎಷ್ಟು ಶಾಖ ಹೋಗ್ತಿದೆ ಅಂತ ಗೊತ್ತಾಗುತ್ತೆ. ಅದೇ ಎರಡು ಸಂಖ್ಯೆಗಳನ್ನ ಭಾಗಿಸಿದರೆ ತಂತಿಯ ರೆಸಿಸ್ಟೆನ್ಸ್ ಸಿಗುತ್ತೆ. ಪ್ಲಾಟಿನಂನಂಥ ಲೋಹ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಏರುತ್ತೆ, ಹಾಗಾಗಿ ಅದರಿಂದ ತಂತಿಯ ಉಷ್ಣಾಂಶ ತಿಳಿಯುತ್ತೆ. ಒಲೆಯೂ ಅದೇ, ಥರ್ಮಾಮೀಟರೂ ಅದೇ. ಬೇರೆ ಏನನ್ನೂ ಅಂಟಿಸೋ ಅಗತ್ಯ ಇಲ್ಲ.

ಈಗ ಕರೆಂಟ್ ಏರಿಸ್ತಾ ಹೋಗೋಣ.

ಮೊದಮೊದಲು ಏನೂ ಕಾಣಲ್ಲ. ತಂತಿಯ ಸುತ್ತ ಬಿಸಿನೀರು ಮೇಲಕ್ಕೆ ಹೋಗುತ್ತೆ, ಅಷ್ಟೇ. ತಂತಿ ನೀರಿಗಿಂತ ನಾಲ್ಕೈದು ಡಿಗ್ರಿ ಹೆಚ್ಚು ಬಿಸಿಯಾದಾಗ ಗುಳ್ಳೆಗಳು ಶುರು. ಲೋಹದ ಮೇಲಿನ ಕಣ್ಣಿಗೆ ಕಾಣದ ಗೀರು, ಗುಂಡಿಗಳಿಂದ ಒಂದೊಂದೇ ಗುಳ್ಳೆ ಎದ್ದು ಬರುತ್ತೆ. ಉಪ್ಪಿಟ್ಟಿಗೆ ನೀರಿಟ್ಟಾಗ ಪಾತ್ರೆಯ ತಳದಲ್ಲಿ ಕಾಣೋದೂ ಇದೇ. ಇದಕ್ಕೆ ನ್ಯೂಕ್ಲಿಯೇಟ್ ಬಾಯ್ಲಿಂಗ್ ಅಂತಾರೆ, ನಾವು ಗುಳ್ಳೆ ಕುದಿ ಅನ್ನೋಣ. ಶಾಖ ಸಾಗಿಸೋದರಲ್ಲಿ ಇದು ಅದ್ಭುತ. ಪ್ರತಿ ಗುಳ್ಳೆ ಒಂದಿಷ್ಟು ಶಾಖ ಹೊತ್ತು ಮೇಲಕ್ಕೆ ಹೋಗುತ್ತೆ, ಅದರ ಜಾಗಕ್ಕೆ ಹೊಸ ನೀರು ನುಗ್ಗುತ್ತೆ. ಉಷ್ಣಾಂಶ ಚೂರೇ ಚೂರು ಏರಿಸಿದರೂ ಸಾಗೋ ಶಾಖ ಎಷ್ಟೋ ಪಟ್ಟು ಹೆಚ್ಚಾಗುತ್ತೆ.

ತಂತಿ ನೀರಿಗಿಂತ 20ರಿಂದ 40 ಡಿಗ್ರಿ ಹೆಚ್ಚು ಬಿಸಿ ಇರುವಾಗ ನುಕಿಯಾಮಾಗೆ ಆ ಶಿಖರ ಸಿಕ್ತು. ಅವರ ಲೆಕ್ಕದಲ್ಲಿ ಅಲ್ಲಿ ಒಂದು ಚದರ ಮೀಟರ್ ಲೋಹ ಗಂಟೆಗೆ 2000ದಿಂದ 3000 ಕಿಲೋ ನೀರನ್ನ ಹಬೆ ಮಾಡಬಲ್ಲದು. ಅಲ್ಲಿಯವರೆಗೆ ಅಷ್ಟು ಸಾಧ್ಯ ಅಂತ ಯಾರೂ ಅಂದುಕೊಂಡಿರಲಿಲ್ಲ.

ಆಮೇಲೆ ಕರೆಂಟನ್ನ ಇನ್ನೊಂದು ಚೂರು ಏರಿಸಿದರು.

ತಂತಿ ಜಿಗಿಯಿತು. ಜಾಗದಿಂದಲ್ಲ, ಉಷ್ಣಾಂಶದಲ್ಲಿ. ನೂರಮೂವತ್ತರ ಆಸುಪಾಸಿನಲ್ಲಿದ್ದ ತಂತಿ ಒಮ್ಮೆಲೇ ಸಾವಿರ ಡಿಗ್ರಿ ದಾಟಿತು. ನಿಕ್ರೋಮ್ ತಂತಿ ಹಾಕಿದ್ದಾಗ ಅದು ತಡೀಲಿಲ್ಲ, ಸುಟ್ಟು ತುಂಡಾಯ್ತು. ನಮ್ಮ ಇಮ್ಮರ್ಶನ್ ರಾಡ್‌ನೊಳಗೆ ಇರೋದೂ ಇದೇ ನಿಕ್ರೋಮ್. ಪ್ಲಾಟಿನಂ ಕರಗೋದು 1768 ಡಿಗ್ರಿಗೆ, ಹಾಗಾಗಿ ಪ್ಲಾಟಿನಂ ತಂತಿ ಉಳೀತು. ಕುದಿಯೋ ನೀರಿನೊಳಗೆ ಕೆಂಡದ ಹಾಗೆ ಬೆಳಗ್ತಾ ಉಳೀತು. ಸುತ್ತ ನೀರು, ಒಳಗೆ ಕೆಂಪಗೆ ಕಾದ ತಂತಿ, ಎರಡರ ನಡುವೆ ತೆಳ್ಳನೆಯ ಹಬೆಯ ಪೊರೆ. ಇದೇ ಫಿಲ್ಮ್ ಬಾಯ್ಲಿಂಗ್. ಲೈಡೆನ್‌ಫ್ರಾಸ್ಟ್ ಚಮಚದ ಮೇಲೆ ಹನಿಯ ಕೆಳಗಿದ್ದ ಕಂಬಳಿಯೇ ಇಲ್ಲಿ ತಂತಿಯನ್ನ ಸುತ್ತಿಕೊಂಡಿತ್ತು.

ಮೂರನೇ ಭಾಗ: ಕೇಳದೇ ಬರೋ ಇಎಂಐ

ಈ ಜಿಗಿತ ಯಾಕಾಯ್ತು ಅನ್ನೋದು ಇಡೀ ವಿಷಯದ ತಿರುಳು. ನನಗೂ ಅರ್ಥ ಆಗೋಕೆ ಎರಡು ದಿನ ಬೇಕಾಯ್ತು, ಕೊನೆಗೆ ಸಹಾಯಕ್ಕೆ ಬಂದದ್ದು ಬ್ಯಾಂಕ್ ಲೆಕ್ಕ.

ತಂತಿಗೆ ಕರೆಂಟ್ ಮೂಲಕ ಬರೋ ಶಾಖ ತಿಂಗಳ ಇಎಂಐ ಇದ್ದ ಹಾಗೆ. ನಿಮ್ಮ ಪರಿಸ್ಥಿತಿ ಏನೇ ಇರಲಿ, ಒಂದನೇ ತಾರೀಖು ಅದು ಬಂದೇ ಬರುತ್ತೆ. ಸುತ್ತಲ ನೀರು ನಿಮ್ಮ ಸಂಬಳ. ಸಂಬಳ ಇರೋವರೆಗೂ ಇಎಂಐ ಕಟ್ತಾ ಆರಾಮಾಗಿರ್ತೀರಿ. ಒಂದು ದಿನ ಸಂಬಳ ಅರ್ಧಕ್ಕಿಳಿದರೆ? ಇಎಂಐ ಅರ್ಧ ಆಗಲ್ಲ. ಸಾಲದ ಮೇಲೆ ಸಾಲ ಬೆಳೆಯುತ್ತೆ.

ತಂತಿಯದೂ ಅದೇ ಪಾಡು. ಪೊರೆ ಕಟ್ಟಿದ ಕ್ಷಣ ನೀರು ಶಾಖ ಒಯ್ಯೋದು ಕಡಿಮೆಯಾಯ್ತು, ಆದರೆ ಕರೆಂಟ್ ಅಷ್ಟೇ ಶಾಖ ತುಂಬ್ತಾ ಇದೆ. ಮಿಕ್ಕ ಶಾಖ ತಂತಿಯಲ್ಲೇ ಸೇರುತ್ತೆ, ತಂತಿ ಬಿಸಿಯಾಗುತ್ತೆ. ಬಿಸಿಯಾದಷ್ಟೂ ಪೊರೆ ಇನ್ನೂ ಗಟ್ಟಿ. ಈ ಸುಳಿ ನಿಲ್ಲೋದು ಎಲ್ಲಿ? ತಂತಿ ಎಷ್ಟು ಕಾಯಬೇಕು ಅಂದ್ರೆ, ಆ ಸೋಮಾರಿ ಹಬೆಯ ಮೂಲಕವೂ, ಕೆಂಪು ಬೆಳಕಾಗಿ ಸೂಸೋ ಶಾಖದ ಮೂಲಕವೂ ಅಷ್ಟೂ ಬಾಕಿ ತೀರಬೇಕು. ಅದಕ್ಕೆ ಸಾವಿರಕ್ಕೂ ಹೆಚ್ಚು ಡಿಗ್ರಿ ಬೇಕು. ಅಷ್ಟರೊಳಗೆ ಲೋಹ ಕರಗಿದರೆ ಕಥೆ ಮುಗೀತು.

ವಾಪಸ್ ಬರೋ ದಾರಿ ಇನ್ನೂ ವಿಚಿತ್ರ. ಕರೆಂಟನ್ನ ಒಂದು ಚೂರು ಇಳಿಸಿದರೆ ತಂತಿ ಹಳೇ ಸ್ಥಿತಿಗೆ ಬರಲ್ಲ. ಪೊರೆ ಹಾಗೇ ಇರುತ್ತೆ. ಕರೆಂಟ್ ಇಳಿಸ್ತಾ, ಇಳಿಸ್ತಾ, ಶಿಖರದ ಒಂದು ಸಣ್ಣ ಪಾಲಿಗೆ ಬಂದಾಗ ಮಾತ್ರ ಪೊರೆ ಕುಸಿದು ನೀರು ಮತ್ತೆ ತಂತಿಯನ್ನ ಮುಟ್ಟುತ್ತೆ. ಅಲ್ಲಿ ಇನ್ನೊಂದು ಜಿಗಿತ, ಈ ಸಲ ಕೆಳಕ್ಕೆ. ಹೋಗೋ ದಾರಿ ಒಂದು, ಬರೋ ದಾರಿ ಇನ್ನೊಂದು. ಸಾಲಕ್ಕೆ ಬೀಳೋದು ಒಂದು ತಿಂಗಳಲ್ಲಿ, ಏಳೋದು ಹತ್ತು ವರ್ಷದಲ್ಲಿ ಅಂತಾರಲ್ಲ, ಹಾಗೆ.

ಶಿಖರಕ್ಕೂ ಈ ಕೆಳಗಿನ ಬಿಂದುವಿಗೂ ನಡುವಿನ ಗೆರೆ ನುಕಿಯಾಮಾಗೆ ಕಾಣಲೇ ಇಲ್ಲ. ತಂತಿ ಅದರ ಮೇಲಿಂದ ಹಾರಿ ಹೋಗ್ತಿತ್ತು. ಅವರ ಊಹೆ ಹೀಗಿತ್ತು: ನಾನು ಶಾಖವನ್ನ ಹಿಡಿತದಲ್ಲಿಟ್ಟಿದ್ದೀನಿ, ಅದಕ್ಕೇ ಹೀಗೆ. ಶಾಖದ ಬದಲು ಉಷ್ಣಾಂಶವನ್ನ ಹಿಡಿತದಲ್ಲಿಟ್ಟರೆ ಆ ಗೆರೆ ಸಿಗುತ್ತೆ. 1937ರಲ್ಲಿ ಅಮೆರಿಕದ ಡ್ರೂ ಮತ್ತು ಮುಲ್ಲರ್ ಹಾಗೇ ಮಾಡಿದರು. ಕರೆಂಟಿನ ಬದಲು ಕೊಳವೆಯೊಳಗೆ ಹಬೆ ಹಾಯಿಸಿ ಬಿಸಿ ಮಾಡಿದರು. ಹಬೆಯ ಒತ್ತಡ ಎಷ್ಟು ಅಂತ ನಿಗದಿ ಮಾಡಿದರೆ ಉಷ್ಣಾಂಶ ಅದಕ್ಕಿಂತ ಮೇಲೆ ಹೋಗೋ ಹಾಗೇ ಇಲ್ಲ. ಆಗ ಜಿಗಿತ ಇಲ್ಲ, ಸ್ಫೋಟ ಇಲ್ಲ. ಕಾಣದಿದ್ದ ಗೆರೆ ಸಿಕ್ತು, ನುಕಿಯಾಮಾ ಊಹೆ ನಿಜವಾಯ್ತು.

ನೋಡಿ, ಎರಡೂ ಕಡೆ ಕುದಿಯೋದರ ನಿಯಮ ಒಂದೇ. ಒಂದು ಕಡೆ ಶಾಖದ ಮೂಲ ಪರಿಸ್ಥಿತಿ ನೋಡಿ ಹಿಂದೆ ಸರಿಯುತ್ತೆ, ಇನ್ನೊಂದು ಕಡೆ ಯಾರ ಮಾತೂ ಕೇಳದೆ ಸುರೀತಾನೇ ಇರುತ್ತೆ. ಅಪಾಯ ಇರೋದು ಎರಡನೆಯದರಲ್ಲಿ. ಈ ವ್ಯತ್ಯಾಸಕ್ಕೆ ಆಮೇಲೆ ವಾಪಸ್ ಬರ್ತೀನಿ.

ನಾಲ್ಕನೇ ಭಾಗ: ಲ್ಯಾಟಿನ್, ಜಪಾನಿ, ಇಂಗ್ಲಿಷ್

ಇಲ್ಲಿ ಒಂದು ಸಣ್ಣ ಉಪಕಥೆ. ಸಂಶೋಧನೆ ಮಾಡ್ತಾ ನನಗೆ ಮಜಾ ಕೊಟ್ಟದ್ದು ಇದು.

ಲೈಡೆನ್‌ಫ್ರಾಸ್ಟ್ ಬರೆದದ್ದು ಲ್ಯಾಟಿನ್‌ನಲ್ಲಿ. ನುಕಿಯಾಮಾ ಬರೆದದ್ದು ಜಪಾನಿಯಲ್ಲಿ, ತಮ್ಮ ದೇಶದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘದ ಪತ್ರಿಕೆಯಲ್ಲಿ. ಶಾಖ ಸಾಗಣೆಯ ಮೇಲೆ ಬರೋ ಒಂದು ಅಂತರರಾಷ್ಟ್ರೀಯ ಜರ್ನಲ್ 1966ರಲ್ಲಿ ಲೈಡೆನ್‌ಫ್ರಾಸ್ಟ್ ಪುಸ್ತಕದ ಈ ಭಾಗವನ್ನ ಇಂಗ್ಲಿಷಿಗೆ ತಂದಿತು. ಅದೇ ವರ್ಷ, ಅದೇ ಜರ್ನಲ್‌ನ ಅದೇ ಸಂಪುಟದಲ್ಲಿ ನುಕಿಯಾಮಾ ಲೇಖನದ ಇಂಗ್ಲಿಷ್ ಅನುವಾದವೂ ಬಂತು. ಒಂದಕ್ಕೆ 210 ವರ್ಷ ಹಿಡಿದಿತ್ತು, ಇನ್ನೊಂದಕ್ಕೆ 32 ವರ್ಷ. ಡ್ಯೂಸ್‌ಬರ್ಗ್‌ನ ಚಮಚ, ಸೆಂಡೈನ ತಂತಿ, ಎರಡೂ ಒಂದೇ ಬೈಂಡಿನಲ್ಲಿ.

ಅಷ್ಟು ಹೊತ್ತಿಗೆ ಕುದಿಯ ಆ ಏರಿಳಿತದ ಗೆರೆ ಪಾಠ್ಯಪುಸ್ತಕಗಳಲ್ಲಿ ಬಂದಾಗಿತ್ತು. ಆದರೂ ಮೂಲವನ್ನ ತಿರುಗಿ ಓದಬೇಕು ಅಂತ ಎಂಜಿನಿಯರ್‌ಗಳಿಗೆ ಅನ್ನಿಸಿತ್ತಲ್ಲ, ಅದು ದೊಡ್ಡದು. ಕನ್ನಡದಲ್ಲಿ ವಿಜ್ಞಾನದ ವಿಷಯ ಮಾತಾಡಿದಾಗಲೆಲ್ಲ 'ಇದನ್ನ ಯಾರು ಕೇಳ್ತಾರೆ' ಅನ್ನೋರು ಸಿಗ್ತಾರೆ. ನುಕಿಯಾಮಾ ತಮ್ಮ ಜನರಿಗೆ ಅರ್ಥವಾಗೋ ಭಾಷೆಯಲ್ಲಿ ಬರೆದರು. ಕೆಲಸ ಗಟ್ಟಿಯಾಗಿತ್ತು, ಅನುವಾದಕರು ಹುಡುಕಿಕೊಂಡು ಬಂದರು.

ಐದನೇ ಭಾಗ: ಒಂದೇ ಬಾಗಿಲಿನ ಬಸ್

ಶಿಖರ ಇದೆ ಅಂತ ಗೊತ್ತಾಯ್ತು. ಆದರೆ ಅದು ಯಾಕೆ ಅಲ್ಲೇ ಇದೆ? ಬೇರೆ ದ್ರವಕ್ಕೆ, ಬೇರೆ ಒತ್ತಡಕ್ಕೆ ಎಲ್ಲಿರುತ್ತೆ? ಎರಡನೇ ಮಹಾಯುದ್ಧದ ನಂತರ ಈ ಪ್ರಶ್ನೆಗೆ ದಿಢೀರ್ ಬೆಲೆ ಬಂತು. ಕಾರಣ ಆಮೇಲೆ ಹೇಳ್ತೀನಿ.

ಸೋವಿಯತ್ ಒಕ್ಕೂಟದಲ್ಲಿ ಸ್ಯಾಮ್ಸನ್ ಕುಟಾಟೆಲಾಡ್ಜೆ 1948ರಲ್ಲಿ ಒಂದು ಸೂತ್ರ ಕೊಟ್ಟರು. ಹತ್ತು ವರ್ಷದ ನಂತರ ಅಮೆರಿಕದಲ್ಲಿ ನೊವಾಕ್ ಜ್ಯೂಬರ್ ತಮ್ಮ ಡಾಕ್ಟರೇಟ್ ಕೆಲಸದಲ್ಲಿ ಬೇರೆ ದಾರಿಯಿಂದ ಹೊರಟು ಹೆಚ್ಚೂಕಮ್ಮಿ ಅದೇ ಸೂತ್ರಕ್ಕೆ ಬಂದರು. ಶೀತಲ ಸಮರದ ಎರಡು ಕಡೆಯವರೂ ಕುದಿಯೋ ನೀರಿನ ವಿಷಯದಲ್ಲಿ ಮಾತ್ರ ಒಂದೇ ಅಭಿಪ್ರಾಯ!

ಜ್ಯೂಬರ್ ವಿವರಣೆ ಬಸ್ಸಿನ ಹಾಗಿದೆ. ಒಂದೇ ಬಾಗಿಲಿನ ಬಸ್ ಅಂದ್ಕೊಳ್ಳಿ. ಇಳಿಯೋರು ಹಬೆ, ಹತ್ತೋರು ನೀರು. ಜನ ಕಡಿಮೆ ಇದ್ದಾಗ ಇಳಿಯೋರು ಒಂದು ಬದಿ, ಹತ್ತೋರು ಇನ್ನೊಂದು ಬದಿ, ಎಲ್ಲ ಸಲೀಸು. ಇಳಿಯೋರ ನುಗ್ಗಾಟ ಒಂದು ಮಿತಿ ದಾಟಿದರೆ ಹತ್ತೋರಿಗೆ ಕಾಲಿಡೋಕೂ ಜಾಗ ಇಲ್ಲ. ಹಾಗೇ, ಲೋಹದಿಂದ ಮೇಲೇಳೋ ಹಬೆಯ ವೇಗ ಜಾಸ್ತಿಯಾದಾಗ ಕೆಳಗಿಳಿಯೋ ನೀರಿನ ದಾರಿ ಕಟ್ಟಿಹೋಗುತ್ತೆ. ನೀರು ತಲುಪದ ಜಾಗದಲ್ಲಿ ಹಬೆ ಹರಡಿ ಪೊರೆಯಾಗುತ್ತೆ.

ಪೊರೆ ಕಟ್ಟಿದಮೇಲೆ ಎಷ್ಟು ಶಾಖ ದಾಟುತ್ತೆ ಅನ್ನೋ ಲೆಕ್ಕವನ್ನ 1950ರಲ್ಲಿ ಲೀರಾಯ್ ಬ್ರಾಮ್ಲಿ ಮಾಡಿದ್ದರು. ಅವರು ಬಳಸಿದ ಉಪಾಯ ಚೆನ್ನಾಗಿದೆ. ತಣ್ಣನೆಯ ಕೊಳವೆಯ ಮೇಲೆ ಹಬೆ ನೀರಾಗಿ, ಆ ನೀರಿನ ಪೊರೆ ಕೆಳಕ್ಕೆ ಜಾರೋದನ್ನ ಜರ್ಮನಿಯ ವಿಲ್ಹೆಲ್ಮ್ ನುಸೆಲ್ಟ್ 1916ರಲ್ಲೇ ಲೆಕ್ಕ ಹಾಕಿದ್ದರು. ಬ್ರಾಮ್ಲಿ ಅದನ್ನ ತಲೆಕೆಳಗು ಮಾಡಿದರು. ನೀರಿನ ಪೊರೆ ಕೆಳಕ್ಕೆ ಜಾರೋ ಬದಲು ಹಬೆಯ ಪೊರೆ ಮೇಲಕ್ಕೆ ಜಾರುತ್ತೆ, ಅಷ್ಟೇ ವ್ಯತ್ಯಾಸ.

ಈಗ ಒಂದು ಸಂಖ್ಯೆ ನೆನಪಿಡಿ. ಮಾಮೂಲಿ ವಾತಾವರಣದ ಒತ್ತಡದಲ್ಲಿ ನೀರಿನ ಮಿತಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 100 ವ್ಯಾಟ್. ನಿಮ್ಮ ಮನೆಯ 2000 ವ್ಯಾಟ್ ಇಂಡಕ್ಷನ್ ಒಲೆಯ ಮೇಲೆ 20 ಸೆಂಟಿಮೀಟರ್ ಅಗಲದ ಪಾತ್ರೆ ಇಟ್ಟರೆ ಚದರ ಸೆಂಟಿಮೀಟರಿಗೆ ಆರೇಳು ವ್ಯಾಟ್ ಬರುತ್ತೆ. 1500 ವ್ಯಾಟ್ ರಾಡ್‌ಗೆ ಒರಟು ಲೆಕ್ಕದಲ್ಲಿ ಹತ್ತರ ಆಸುಪಾಸು. ಅದಕ್ಕೇ ಅಡುಗೆಮನೆಯಲ್ಲಿ ನೀರಿರೋವರೆಗೂ ಪಾತ್ರೆ ಕರಗಲ್ಲ, ರಾಡ್ ಸುಡಲ್ಲ. ನಾವು ಶಿಖರದಿಂದ ತುಂಬಾ ಕೆಳಗಿದ್ದೀವಿ. ಆದರೆ ಎಲ್ಲರೂ ಅಷ್ಟು ಕೆಳಗಿಲ್ಲ.

ಆರನೇ ಭಾಗ: ಮಾತು ಕೇಳದ ಶಾಖ

ಈ ಲೆಕ್ಕಕ್ಕೆ ದಿಢೀರ್ ಬೆಲೆ ಬಂದದ್ದು ಅಣು ರಿಯಾಕ್ಟರ್‌ಗಳಿಂದ. ನೀರಿನಿಂದ ತಣಿಸೋ ರಿಯಾಕ್ಟರ್‌ನಲ್ಲಿ ಯುರೇನಿಯಂ ಇಂಧನ ತೆಳ್ಳನೆಯ ಜಿರ್ಕೋನಿಯಂ ಕೊಳವೆಗಳಲ್ಲಿರುತ್ತೆ, ಸುತ್ತ ನೀರು ಹರಿಯುತ್ತೆ. ಇದು ನುಕಿಯಾಮಾ ತಂತಿಯ ದೊಡ್ಡಣ್ಣ. ಒಳಗಿನಿಂದ ಶಾಖ ಬರ್ತಾನೇ ಇರುತ್ತೆ, ನೀರು ಅದನ್ನ ಒಯ್ಯಲೇಬೇಕು. ಹಬೆಯ ಪೊರೆ ಕಟ್ಟಿದರೆ ಕೊಳವೆಯ ಉಷ್ಣಾಂಶ ಜಿಗಿಯುತ್ತೆ. ಆದ್ದರಿಂದ ವಿನ್ಯಾಸ ಮಾಡುವಾಗಲೇ ಆ ಮಿತಿಗೂ ನಿಜವಾಗಿ ನಡೆಸೋ ಮಟ್ಟಕ್ಕೂ ನಡುವೆ ಅಂತರ ಬಿಟ್ಟಿರ್ತಾರೆ. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ ಭಾರಜಲದಿಂದ ತಣಿಯೋ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಅಲ್ಲೂ ಈ ಮಿತಿಯ ಲೆಕ್ಕ ಇಲ್ಲದೆ ಒಂದು ದಿನವೂ ನಡೆಯಲ್ಲ.

ರಿಯಾಕ್ಟರ್‌ಗೂ ತಂತಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ತಂತಿಯ ಸ್ವಿಚ್ ಆಫ್ ಮಾಡಿದರೆ ಶಾಖ ನಿಲ್ಲುತ್ತೆ. ರಿಯಾಕ್ಟರ್ ನಿಲ್ಲಿಸಿದ ಕ್ಷಣದಲ್ಲೂ ಪೂರ್ಣ ಶಕ್ತಿಯ ನೂರಕ್ಕೆ ಆರೇಳು ಭಾಗ ಶಾಖ ಬರ್ತಾನೇ ಇರುತ್ತೆ, ಒಂದು ಗಂಟೆಯ ನಂತರವೂ ಒಂದೂವರೆ ಭಾಗದಷ್ಟು. ಒಡೆದ ಅಣುಗಳ ಚೂರುಗಳಿಂದ ಬರೋ ಈ ಶಾಖಕ್ಕೆ ಸ್ವಿಚ್ ಇಲ್ಲ. 1974ರಲ್ಲಿ ಅಮೆರಿಕ ಒಂದು ನಿಯಮ ತಂತು: ನೀರು ಸೋರಿಹೋಗೋ ಅಪಘಾತದಲ್ಲೂ ಇಂಧನ ಕೊಳವೆ ಸುಮಾರು 1204 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಯಾಕಂದ್ರೆ ಅದರ ಮೇಲೆ ಜಿರ್ಕೋನಿಯಂ ಹಬೆಯ ಜೊತೆ ಜೋರಾಗಿ ಪ್ರತಿಕ್ರಿಯಿಸಿ ತಾನೇ ಇನ್ನಷ್ಟು ಶಾಖ, ಜೊತೆಗೆ ಹೈಡ್ರೋಜನ್ ಹುಟ್ಟಿಸುತ್ತೆ.

1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್‌ನಲ್ಲಿ ಇಂಧನದ ಮೇಲಿನ ನೀರು ಇಳಿದುಹೋಗಿ ಸುಮಾರು ಅರ್ಧ ಕೋರ್ ಕರಗಿತು. 2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ ಬಂದು ಫುಕುಶಿಮಾ ದೈಚಿಯಲ್ಲಿ ಪಂಪ್‌ಗಳಿಗೆ ಕರೆಂಟ್ ಹೋಯ್ತು, ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು. ಒಂದು ಮಾತು ಸ್ಪಷ್ಟ ಮಾಡ್ತೀನಿ. ಈ ಎರಡೂ ಕಡೆ ಮೂಲ ಕಾರಣ ಫಿಲ್ಮ್ ಬಾಯ್ಲಿಂಗ್ ಅಲ್ಲ. ಅಲ್ಲಿ ನೀರೇ ಖಾಲಿಯಾಗಿತ್ತು, ನನ್ನ ಪಿಜಿ ಬಕೆಟ್ ಥರ. ಆದರೆ ತಂತಿಯನ್ನ ಸುಟ್ಟ ಲೆಕ್ಕವೇ ಅಲ್ಲೂ ನಡೀತು: ಬರೋ ಶಾಖ ನಿಲ್ಲಲ್ಲ, ಹೋಗೋ ದಾರಿ ಮುಚ್ಚಿದೆ.

ಫುಕುಶಿಮಾ ದೈಚಿ ಇರೋದು ಸೆಂಡೈನಿಂದ ದಕ್ಷಿಣಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ. ನುಕಿಯಾಮಾ ತೀರಿಕೊಂಡದ್ದು 1983ರಲ್ಲಿ, ಅದನ್ನ ನೋಡೋಕೆ ಅವರಿರಲಿಲ್ಲ.

ಕೊನೆಯ ಭಾಗ: ನಿಮ್ಮ ಫೋನಿನ ಆಚೆ ತುದಿಯಲ್ಲಿ

ಇದೆಲ್ಲ ರಿಯಾಕ್ಟರ್ ವಿಷಯ, ನಮಗ್ಯಾಕೆ ಅಂತೀರಾ? ನೀವು ಫೋನಿನಲ್ಲಿ ಎಐಗೆ ಒಂದು ಪ್ರಶ್ನೆ ಕೇಳಿದಾಗ ಎಲ್ಲೋ ಒಂದು ಡೇಟಾ ಸೆಂಟರ್‌ನಲ್ಲಿ ಒಂದು ಚಿಪ್ ಬಿಸಿಯಾಗುತ್ತೆ. 2022ರಲ್ಲಿ ಬಂದ ಎನ್‌ವಿಡಿಯಾ ಎಚ್100 ತಗೊಳ್ಳಿ. ಚಿಪ್ಪಿನ ವಿಸ್ತೀರ್ಣ 814 ಚದರ ಮಿಲಿಮೀಟರ್, ಅಂದ್ರೆ ಎಂಟು ಚದರ ಸೆಂಟಿಮೀಟರ್‌ಗಿಂತ ಚೂರು ಜಾಸ್ತಿ. ಇಡೀ ಮಾಡ್ಯೂಲ್‌ನ ಮಿತಿ 700 ವ್ಯಾಟ್. ಬಹುಪಾಲು ಶಾಖ ಚಿಪ್ಪಿನದೇ ಅಂತಿಟ್ಟುಕೊಂಡರೆ ಚದರ ಸೆಂಟಿಮೀಟರಿಗೆ 70-80 ವ್ಯಾಟ್. ಆಗಲೇ ಹೇಳಿದ ನೀರಿನ 100ರ ಹತ್ತಿರ ಬಂದ್ವಿ!

ಇಂಥ ಚಿಪ್‌ಗಳನ್ನ ದ್ರವದಲ್ಲೇ ಮುಳುಗಿಸಿ, ಆ ದ್ರವ ಕುದಿಯೋದರಿಂದ ತಣಿಸೋ ವಿಧಾನವೂ ಇದೆ. ಅಲ್ಲಿ ನೀರು ಬಳಸೋ ಹಾಗಿಲ್ಲ, ಶಾರ್ಟ್ ಆಗುತ್ತೆ. ಕರೆಂಟ್ ಹರಿಯದ ಬೇರೆ ದ್ರವ ಬೇಕು. ಈ ಕೆಲಸಕ್ಕೆ ಹೆಸರಾದ ಫ್ಲೋರಿನ್ ದ್ರವಗಳ ಮಿತಿ ನಯವಾದ ಮೇಲ್ಮೈ ಮೇಲೆ ಚದರ ಸೆಂಟಿಮೀಟರಿಗೆ 15-20 ವ್ಯಾಟ್ ಮಾತ್ರ. ಆದ್ದರಿಂದ ಚಿಪ್ಪಿನ ಶಾಖವನ್ನ ಮೊದಲು ದೊಡ್ಡ ಲೋಹದ ಹಾಳೆಗೆ ಹರಡಬೇಕು, ಮೇಲ್ಮೈಯನ್ನ ಒರಟು ಮಾಡಬೇಕು, ಗುಳ್ಳೆಗಳಿಗೆ ದಾರಿ ಮಾಡಿಕೊಡಬೇಕು. ಇವತ್ತಿನ ಎಂಜಿನಿಯರ್‌ಗಳು ಸೆಣಸ್ತಿರೋದು 1934ರ ಅದೇ ಶಿಖರದ ಜೊತೆ.

ಒಂದು ಸಮಾಧಾನ ಏನಂದ್ರೆ, ಚಿಪ್‌ಗೆ ಮಾತು ಕೇಳೋಕೆ ಕಲಿಸಿದ್ದಾರೆ. ಬಿಸಿ ಜಾಸ್ತಿಯಾದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತೆ. ಬಿಸಿಲಲ್ಲಿ ಗೇಮ್ ಆಡುವಾಗ ನಿಮ್ಮ ಫೋನ್ ಸ್ಲೋ ಆಗುತ್ತಲ್ಲ, ಬೈಯಬೇಡಿ. ನುಕಿಯಾಮಾ ತಂತಿಗೆ ಆ ಬುದ್ಧಿ ಇರಲಿಲ್ಲ.

ನಾನು ಆ ಪಿಜಿ ಬಿಟ್ಟು ವರ್ಷಗಳಾದವು. ಈಗಲೂ ರಾಡ್ ಹಾಕೋ ಮುಂಚೆ ಬಕೆಟ್ ಬಗ್ಗಿ ನೋಡ್ತೀನಿ. ನೀವೂ ನೋಡಿ. ತಂತಿ, ಕರೆಂಟ್, ನೀರು ಸೇರಿಸಿ ಪ್ರಯೋಗ ಮಾಡೋಕೆ ಮಾತ್ರ ದಯವಿಟ್ಟು ಹೋಗಬೇಡಿ. ಈ ಕಥೆಯನ್ನ ಕಣ್ಣಾರೆ ನೋಡಬೇಕು ಅನ್ನಿಸಿದರೆ ನಾಳೆ ಬೆಳಿಗ್ಗೆ ದೋಸೆ ಕಾವಲಿ ಹತ್ತಿರ ನಿಂತುಕೊಳ್ಳಿ. ಕಾದಾಗ ಒಂದು ಹನಿ, ಸ್ವಲ್ಪ ತಣಿದಮೇಲೆ ಇನ್ನೊಂದು ಹನಿ. ಯಾವುದು ಹೆಚ್ಚು ಹೊತ್ತು ಉಳಿಯುತ್ತೆ ಅಂತ ಎಣಿಸಿ, ನನಗೆ ಬರೆದು ಕಳಿಸಿ.

ಮುಂದಿನ ವಾರ ಸಿಗೋಣ. ನಮಸ್ಕಾರ.